ಎಂಟನೆಯ ಮೊಟ್ಟೆ

ಚಿಮಟದ ತುದಿಯಲ್ಲಿ ರಕ್ತ ಕಂಡ ಕೂಡಲೇ ಸಿಸ್ಟರಮ್ಮ ಕೈ ಹಿಂದಕ್ಕೆಳೆದುಕೊಂಡರು. ಎಳ್ಳುಕಾಳಿನಷ್ಟು ರಕ್ತ. ಆದರೆ ಮೊಟ್ಟೆಯೊಳಗಿನ ಜೀವಕ್ಕೆ ಒಟ್ಟು ಇರುವುದಾದರೂ ಎಷ್ಟು?

ಏಳು ಮರಿಗಳು ಹಿಂದಿನ ದಿನವೇ ಹೊರಬಿದ್ದು ತಾಯಿಕೋಳಿಯ ಬೆನ್ನ ಹಿಂದೆ ಅಂಗಳ ಸುತ್ತುತ್ತಿದ್ದವು. ಎಂಟನೆಯದು ಬೆಳಿಗ್ಗೆ ಚಿಪ್ಪಿಗೊಂದು ತೂತು ಮಾಡಿ, ಅಷ್ಟಕ್ಕೇ ಸೋತು, ಒಳಗಿನಿಂದಲೇ ಚೀಂಗುಡುತ್ತಿತ್ತು. ಸಿಸ್ಟರಮ್ಮ ಅದನ್ನು ಚಪ್ಪಲಿ ಡಬ್ಬದಲ್ಲಿ ಹತ್ತಿಯ ಮೇಲಿಟ್ಟು, ಮುಚ್ಚಳದ ತೂತಿನಿಂದ ಬಲ್ಬು ಇಳಿಬಿಟ್ಟಿದ್ದರು. ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷ ದುಡಿದ ಕೈ. ಸುಮ್ಮನಿರಲು ಅದಕ್ಕೆ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಮರಿಯ ಸದ್ದು ತಗ್ಗಿದಾಗ ಚಿಮಟ ಹಿಡಿದೇಬಿಟ್ಟಿದ್ದರು.

ಹೊಲಿಗೆ ಮಿಷನ್ನಿನ ಮುಂದಿದ್ದ ಗಂಡ ಎದ್ದು ಬಂದರು. ತಾಯಿಯ ಜೊತೆ ಕೋಳಿ ಸಾಕಿ ಬೆಳೆದ ದರ್ಜಿ. ಪೊರೆ ಒಣಗಿ ಮರಿಯ ಮೈಗೆ ಅಂಟಿದೆ, ಅದರ ನರಗಳಲ್ಲಿ ಇನ್ನೂ ರಕ್ತವಿದೆ, ಈಗ ಬಿಡಿಸಿದರೆ ಉಳಿಯದು ಎಂದರು. ಹತ್ತಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಪೊರೆಗೆ ಮೆಲ್ಲನೆ ಒತ್ತಿ ಮುಚ್ಚಳ ಮುಚ್ಚಿದರು.

ಐದು ನಿಮಿಷವೂ ಆಗಿರಲಿಲ್ಲ, ಸಿಸ್ಟರಮ್ಮ ಮುಚ್ಚಳ ತೆಗೆದರು. ಮತ್ತೈದು ನಿಮಿಷಕ್ಕೆ ಮತ್ತೆ.

"ಹೀಗೆ ತೆಗೀತಾ ಇದ್ರೆ ಪೊರೆ ಮತ್ತೆ ಒಣಗುತ್ತೆ."

"ಉಸಿರಾಡ್ತಿದೆಯಾ ಅಂತ ನೋಡ್ದೆ ಅಷ್ಟೇ ರೀ."

"ನೀನು ನೋಡಿದ್ರಷ್ಟೇ ಉಸಿರಾಡೋದಾ ಅದು? ಹೊರಗೆ ಹೋಗಿ ಕೂತ್ಕೋ. ಆದ್ಮೇಲೆ ಕರೀತೀನಿ."

ಈ ಮಾತನ್ನು ಸಿಸ್ಟರಮ್ಮ ವಾರ್ಡಿನ ಬಾಗಿಲಲ್ಲಿ ಸಾವಿರಾರು ಗಂಡಸರಿಗೆ ಹೇಳಿದ್ದರು. ಹೇಳಿಸಿಕೊಂಡದ್ದು ಇದೇ ಮೊದಲು.

ಮೆಟ್ಟಿಲ ಮೇಲೆ ಕೂತರು, ಎದ್ದರು, ಗೇಟಿನ ತನಕ ಹೋಗಿ ಬಂದರು. ಒಳಗಿನಿಂದ ಮಿಷನ್ನಿನ ಸದ್ದು ಮಾತ್ರ ಬರುತ್ತಿತ್ತು. ಈ ಮನುಷ್ಯನಿಗೆ ಈಗಲೂ ಹೊಲಿಗೆಯೇ ಎಂದು ಮೈ ಉರಿಯಿತು. ಎಷ್ಟೋ ಹೊತ್ತಿನ ಮೇಲೆ ಆ ಸದ್ದು ಥಟ್ಟನೆ ನಿಂತಿತು. ಆಗ ಉರಿಯೆಲ್ಲ ಇಳಿದುಹೋಯಿತು. ಬಾಗಿಲ ಮೇಲೆ ಕೈಯಿಟ್ಟರು, ತಳ್ಳಲಿಲ್ಲ.

ಒಳಗಿನಿಂದ ಗಂಡನೇ ಬಾಗಿಲು ತೆರೆದರು. "ಬಾ."

ಚಿಪ್ಪು ಎರಡು ಹೋಳಾಗಿತ್ತು. ಮಧ್ಯೆ ಹಿಂಡಿ ಬಿಸಾಕಿದ ಬಟ್ಟೆಯ ಹಾಗೆ ಒದ್ದೆಮುದ್ದೆಯಾದ ಮರಿ, ತಲೆ ಎತ್ತಿ ಬೀಳಿಸಿ, ಮತ್ತೆ ಎತ್ತುತ್ತಿತ್ತು. ಸಿಸ್ಟರಮ್ಮ ಕೈ ಚಾಚದೆ ನೋಡುತ್ತ ನಿಂತರು. ಕಣ್ಣು ತುಂಬಿ, ನಗು ಬಂತು.

"ರೀ, ನಮ್ಮ ವಾರ್ಡಿನ ಹೊರಗೆ ಕೂರೋಕೆ ಒಂದು ಬೆಂಚೂ ಇರ್ಲಿಲ್ಲ."

ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದರು.

"ಗೊತ್ತು. ನಮ್ಮ ಮಗಳು ಹುಟ್ಟಿದ ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲೇ ನಿಂತಿದ್ದೆ."