ಮರದ ಮೇಲಿನ ಮನೆಗೆ ಎಷ್ಟು ಜನ?

"ಗುರುಸಿದ್ದಪ್ಪಾ, ನಿಂಗೆ ಫೋನು! ಅದೇನೋ ಮರದ್ ಮೇಲೆ ಮನೆ ಬುಕ್ ಮಾಡಿದ್ದೀಯಂತೆ. ಎಷ್ಟ್ ಜನ ಬರ್ತೀರಾ ಅಂತ ಕೇಳ್ತಾವ್ರೆ!"

ಮನೆ ಮಾಲೀಕ ಚಿಕ್ಕಬೈರಪ್ಪ ಮೆಟ್ಟಿಲ ಬುಡದಿಂದ ಕೂಗಿದ್ದು ಸುದ್ದಗುಂಟೆಪಾಳ್ಯದ ಆ ಬೀದಿಗೆಲ್ಲ ಕೇಳಿಸುವಂತಿತ್ತು. ಮಹಡಿಯ ಬಾಡಿಗೆ ಮನೆಯಲ್ಲಿ ಊಟಕ್ಕೆ ಕೂತಿದ್ದ ಗುರುಸಿದ್ದನ ಕೈಯಿಂದ ರೊಟ್ಟಿ ಜಾರಿತು. ಅಡುಗೆಮನೆಯಲ್ಲಿ ಹೆಂಡತಿ ಅನ್ನಪೂರ್ಣ ಹಣೆ ಹಣೆ ಬಡಿದುಕೊಂಡಳು. ಗೋಡೆಗೆ ಒರಗಿ ಕೂತಿದ್ದ ಅವನ ತಾಯಿ ದುಂಡವ್ವ ಮಾತ್ರ ಕಣ್ಣರಳಿಸಿದಳು. "ಮರದ ಮ್ಯಾಲ ಮನೀನ? ಯಾರದೋ?"

ಜಯನಗರ ನಾಲ್ಕನೇ ಬ್ಲಾಕಿನ ಟೂರಿನವರಿಗೆ ತನ್ನ ಆಫೀಸಿಗಷ್ಟೇ ಫೋನ್ ಮಾಡಿ ಎಂದು ಹೇಳಿ ಬಂದಿದ್ದ ಅವನು. ಆಮೇಲೆ, ಅಲ್ಲಿ ತಾನು ಸಿಗದಿದ್ದರೆ ಎಂದು ಹೆದರಿ, ಅರ್ಧ ದಾರಿಯಿಂದ ವಾಪಸು ಹೋಗಿ ಮಾಲೀಕರ ಮನೆಯ ನಂಬರನ್ನೂ ಬರೆಸಿದ್ದ. ಮದುವೆಯಾಗಿ ಎರಡು ವರ್ಷ. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ನಡುವೆ ಬಾಗಿಲಿಗೆ ಬದಲು ಅನ್ನಪೂರ್ಣಳ ಹಳೆಯ ಸೀರೆಯ ಪರದೆ. ಗಂಡಹೆಂಡತಿ ಮಲಗುವುದು ಗ್ಯಾಸ್ ಸಿಲಿಂಡರಿನ ಪಕ್ಕದಲ್ಲಿ. ಮಾತಾಡಬೇಕೆಂದರೆ ಬಸ್ ಸ್ಟಾಪಿನವರೆಗೆ ನಡೆಯಬೇಕು. ಇಬ್ಬರೇ ಎರಡು ದಿನ ಎಲ್ಲಾದರೂ ಹೋಗಿಬರೋಣ ಎಂದು ಅನ್ನಪೂರ್ಣ ಕೇಳಿದ್ದು ಇದೇ ಮೊದಲು. ಆಫೀಸಿನ ಟೂರ್ ಎಂದು ಅವ್ವನಿಗೆ ಹೇಳುವುದೆಂದು ನಿರ್ಧಾರವಾಗಿ ವಾರವಾಗಿತ್ತು. ಆ ಸುಳ್ಳು ಅವನ ಬಾಯಿಂದ ಇನ್ನೂ ಹೊರಟಿರಲಿಲ್ಲ.

"ಬಂದೆ ಸಾರ್, ಒಂದ್ನಿಮಿಷ!" ಎಂದು ಕೂಗಿ ಅವನು ಅವ್ವನ ಕಡೆ ತಿರುಗಿದ. "ಮಡಿಕೇರಿ ಕಡೆ ಐತಿಬೇ. ಮರದ ಮ್ಯಾಲ ಸಣ್ಣ ಮನಿ ಕಟ್ಯಾರ."

"ಏನ ಕಾಯಾಕ?"

"ಕಾಯಾಕಲ್ಲಬೇ. ಸುಮ್ಮನ ಇರಾಕ."

"ಸುಮ್ಮನ ಯಾರರ ಮರಾ ಏರ್ತಾರೇನೋ? ಕೆಳಗ ಏನ ಬೆಳಿ ಐತಿ?"

"ಬೆಳಿ ಇಲ್ಲ. ಕಾಡ ಐತಿ."

"ಕಾಡನ್ನ ಯಾವ ಹಕ್ಕಿ ತಿಂತೈತಿ?"

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಗುರುಸಿದ್ದ ಅಂಗಿಯ ಜೇಬಿನಿಂದ ಟೂರಿನವರು ಕೊಟ್ಟಿದ್ದ ಬಣ್ಣದ ಚಿತ್ರ ತೆಗೆದುಕೊಟ್ಟ. ದುಂಡವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವಷ್ಟು ಕಾಳಜಿಯಿಂದ ನೋಡಿದಳು. "ಏಣಿ ಗಟ್ಟಿ ಐತಿ. ಚಪ್ಪರಾನೂ ಚೊಲೋ ಹಾಕ್ಯಾರ. ಹಾಸಿಗಿ ಐತಿ. ಕವಣಿ ಎಲ್ಲೈತಿ? ಇದೇನಿದು, ನೀರ?"

"ಜಲಪಾತ. ಮುಂಜಾನೆದ್ದು ಗುಡ್ಡಾ ಹತ್ತಿ ನಡಕೊಂತ ಹೋಗಿ ನೋಡೂದು."

"ನೋಡಿ?"

"ನೋಡಿ, ತಿರುಗಿ ಬರೂದು."

"ಅಷ್ಟ ದೂರ ಹೋಗಿ, ಒಂದ ಕೊಡಾ ನೀರೂ ತರಂಗಿಲ್ಲ?"

ಪರದೆಯ ಹಿಂದೆ ಅನ್ನಪೂರ್ಣ ನಗು ತಡೆದುಕೊಂಡದ್ದು ಕೇಳಿಸಿತು. ಕೆಳಗಿನಿಂದ ಚಿಕ್ಕಬೈರಪ್ಪನ ದನಿ ಮತ್ತೆ ಬಂತು: "ಲೇಟಾದ್ರೂ ಪರ್ವಾಗಿಲ್ಲ ಬಾರಪ್ಪಾ, ಬಿಲ್ಲು ಅವರ್ದೇ ಅಲ್ವಾ!"

ಅವ್ವ ಇನ್ನೂ ಚಿತ್ರ ಬಿಟ್ಟಿರಲಿಲ್ಲ. ಬೆರಳಿನಿಂದ ಏಣಿಯನ್ನು ಕೆಳಗಿನಿಂದ ಮೇಲಕ್ಕೆ ಸವರುತ್ತಿದ್ದಳು. ಗುರುಸಿದ್ದ ಆ ಬೆರಳನ್ನೇ ನೋಡಿದ. ಊರು ಬಿಟ್ಟು ಬಂದ ಮೇಲೆ ಅವಳು ನೋಡಿದ್ದಾದರೂ ಏನು? ಈ ಕಿಟಕಿ, ಎದುರಿನ ಮನೆಯ ನೀರಿನ ಟ್ಯಾಂಕು. "ನೀನೂ ಬಾರಬೇ," ಎಂದುಬಿಟ್ಟ. "ಮೂರ ಮಂದಿ ಅಂತ ಹೇಳ್ತೀನಿ."

ರೊಟ್ಟಿ ತಟ್ಟುವ ಸದ್ದು ನಿಂತುಹೋಯಿತು. ಅವನು ಪರದೆಯ ಕಡೆ ನೋಡದೆ ಮೆಟ್ಟಿಲ ಕಡೆ ನಡೆದ.

"ನಿಂದ್ರು," ಎಂದಳು ದುಂಡವ್ವ. "ನಮ್ಮ ಹೊಲದಾಗೂ ಹಿಂಗ ಇತ್ತು. ನಾಕ ಕಂಬದ ಮ್ಯಾಲ ಮಂಚಿಗಿ. ಆಗ ಮನಿ ತುಂಬ ಮಂದಿ, ಒಬ್ಬರ ಉಸಿರ ಇನ್ನೊಬ್ಬರ ಕಿವ್ಯಾಗ. ಜ್ವಾಳದ ತೆನಿ ಹಾಲ ತುಂಬಿದ ಕೂಡ್ಲೆ ನಿಮ್ಮಪ್ಪ, ಹಕ್ಕಿ ಕಾಯಾಕ ನಾನ ಹೊಕ್ಕೀನಿ ಅಂತ ಎಲ್ಲಾರಕಿಂತ ಮೊದಲ ಎದ್ದ ನಿಲ್ತಿದ್ದ. ಬುತ್ತಿ ಒಯ್ಯಾಕ ನಾ. ಹೊತ್ತ ಮುಳುಗಿದ ಮ್ಯಾಲ ತಿರುಗಿ ಬರ್ತಿದ್ದೆ. ಇಷ್ಟೊತ್ತನಕ ಏನ ಮಾಡ್ದಿ ಅಂತ ಅತ್ತಿ ಕೇಳಿದ್ರ, ಹಕ್ಕಿ ಭಾಳ ಇದ್ವು ಅಂತಿದ್ದೆ."

ಮೆಟ್ಟಿಲ ತುದಿಯಲ್ಲಿ ನಿಂತಿದ್ದ ಗುರುಸಿದ್ದ ಈ ಕಡೆ ತಿರುಗಿದ.

"ನಮ್ಮತ್ತಿ ಭಾಳ ಜೋರ ಹೆಣಮಗಳು. ಎಲ್ಲಾದಕ್ಕೂ ಬೈತಿದ್ಲು. ಆದ್ರ ನಾನೂ ಬರ್ತೀನಿ ಮಂಚಿಗಿಗೆ ಅಂತ ಒಂದ ದಿನಾನೂ ಅನ್ಲಿಲ್ಲ."

ಆಮೇಲೆ ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದು, ಮಗನನ್ನು ಪಕ್ಕಕ್ಕೆ ಸರಿಸಿ, ಮೆಟ್ಟಿಲ ತುದಿಗೆ ಬಂದು ಕೂಗಿದಳು: "ಇಬ್ಬರ್ರೀ ಯಪ್ಪಾ! ಇಬ್ಬರ ಅಂತ ಹೇಳ್ರಿ!"

"ಯಾಕಮ್ಮಾ, ನೀವು ಹೋಗಲ್ವಾ?"

"ನಾ ಯಾವಾಗೋ ಏರಿ ಇಳದೀನ್ರೀ!"

ಗುರುಸಿದ್ದ ಕಿವಿ ಕೆಂಪಗೆ ಮಾಡಿಕೊಂಡು ಕೆಳಗೆ ಓಡಿದ. ಪರದೆ ಸರಿಸಿ ಹಿಟ್ಟಿನ ಕೈಯಲ್ಲೇ ಹೊರಬಂದ ಅನ್ನಪೂರ್ಣ ಅತ್ತೆಯ ಪಕ್ಕ ಬಂದು ನಿಂತಳು. ಚಿತ್ರವನ್ನು ಒಮ್ಮೆ, ಅತ್ತೆಯ ಮುಖವನ್ನು ಒಮ್ಮೆ ನೋಡಿ, ತಡೆಯಲಾರದೆ ಕೇಳಿಯೇಬಿಟ್ಟಳು, "ಅತ್ತಿ, ಮತ್ತ ಆ ವರ್ಷ ಜ್ವಾಳ ಉಳೀತೇನ್ರಿ?"

"ಎಲ್ಲೀದವ್ವ, ಅರ್ಧಾ ಹೊಲಾ ಹಕ್ಕಿ ತಿಂದ್ವು." ದುಂಡವ್ವ, ಕೆಳಗೆ ಫೋನಿನಲ್ಲಿ ಎರಡೆರಡು ಸಲ "ಇಬ್ಬರೇ ಸಾರ್, ಇಬ್ಬರೇ" ಎನ್ನುತ್ತಿದ್ದ ಮಗನ ದನಿಯ ಕಡೆ ಗದ್ದ ತೋರಿಸಿದಳು. "ಅದೊಂದ ಬೆಳಿ ಕೈಗೆ ಬಂತು."