ಜೀನುಗಾರರ ಬೀದಿಯ ಬದಲಿ ಆಳು

ಇದನ್ನು ಹೇಳುವಷ್ಟು ತಿಳಿದವನು ನಾನಲ್ಲ. ತಪ್ಪಿದ್ದರೆ ಓದುವವರು ಕ್ಷಮಿಸಬೇಕು. ನಮ್ಮ ಪಟ್ಟಣದಲ್ಲಿ ನಡೆದದ್ದನ್ನು, ಕಂಡವರು ಹೇಳಿದಂತೆ ಬರೆಯುತ್ತಿದ್ದೇನೆ.

ಸಫರ್‌ಗಾಲಿ ಬಾಗಿಲು ಬಡಿಯಲಿಲ್ಲ, ತಳ್ಳಿದ. ನಗರಸಭೆಯ ಗುಮಾಸ್ತನಿಗೆ ಆ ಬೇಸಿಗೆ ಅಷ್ಟು ಅಧಿಕಾರ ಬಂದಿತ್ತು. ಯುದ್ಧ ಶುರುವಾಗಿ ಎರಡು ವರ್ಷ. ದೂರದ ರಣರಂಗದ ಹಿಂದೆ ಕಂದಕ ತೋಡಲು, ಮರ ಕಡಿಯಲು ತುರ್ಕಿಸ್ತಾನದ ಗಂಡಸರು ಬೇಕೆಂದು ಜಾರ್ ದೊರೆಯ ಅಪ್ಪಣೆಯಾಗಿತ್ತು. ನಮ್ಮಲ್ಲಿ ಗಂಡಸರ ಪಟ್ಟಿ ಅಂತ ಇದ್ದದ್ದು ಒಂದೇ, ನಗರಸಭೆಯ ತಲೆಗಂದಾಯದ ಪುಸ್ತಕ. ಜಿಲ್ಲೆಯ ಅಧಿಕಾರಿ ಅದನ್ನೇ ತರಿಸಿಕೊಂಡು ಬೀದಿಗೆ ಇಷ್ಟು ಜನ ಎಂದು ಹರೆಯದವರ ಹೆಸರುಗಳಿಗೆ ಕೆಂಪು ಗೆರೆ ಎಳೆದಿದ್ದ.

"ಎಲ್ಲಿ ನಿಮ್ಮ ಮಗ ಎರ್ನಜರ್?"

ಹೋಲ್‌ಮುರಾದ್ ಹೊಲಿಯುತ್ತಿದ್ದ ತೊಗಲನ್ನೂ ದಬ್ಬಳವನ್ನೂ ಕೆಳಗಿಟ್ಟ. ಕುದುರೆ ಜೀನು ಹೊಲಿಯುವವರ ಆ ಬೀದಿಗೆ ಅವನೇ ಹಿರಿಯ, ಅಕ್ಸಕಾಲ್.

"ಊರಲ್ಲಿಲ್ಲ, ಮಿರ್ಜಾ." ಗುಮಾಸ್ತನನ್ನು ಎಲ್ಲರೂ ಮಿರ್ಜಾ ಎನ್ನುತ್ತಿದ್ದರು.

"ಆರು ವರ್ಷದಿಂದ ಅವನ ಕಂದಾಯ ನೀವೇ ಕಟ್ಟಿದ್ದೀರಿ. ಒಂದು ಸಲಾನೂ ತಪ್ಪಿಲ್ಲ. ಈಗ ಊರಲ್ಲಿಲ್ವಾ?"

"ಕಂದಾಯ ಕಟ್ಟಿದ್ದಕ್ಕೂ ಬೈತೀರಾ?"

ಗೂಟದಲ್ಲಿ ಪಟ್ಟೆಪಟ್ಟೆಯ ಚಪಾನ್ ನೇತಾಡುತ್ತಿತ್ತು. ಹರೆಯದವರು ತೊಡುವ ನಿಲುವಂಗಿ. ಮಡಿಕೆಯ ಗುರುತೂ ಇನ್ನೂ ಹೋಗಿರಲಿಲ್ಲ.

"ಇದು ಯಾರದು?"

"ಮಗನದು," ಎಂದ ಹಿರಿಯ, ನೆಲ ನೋಡುತ್ತ.

"ಶುಕ್ರವಾರ ಅವನು ಬರದಿದ್ರೆ ಪಟ್ಟಿಯಲ್ಲಿ ಮುಂದಿನವನನ್ನ ಎಳಕೊಂಡು ಹೋಗ್ತಾರೆ. ಮುಂದಿನವನು ಯಾರು ಗೊತ್ತಲ್ಲ?"

ಗೊತ್ತಿತ್ತು. ವಿಧವೆ ಓಯಿಶಾಳ ಒಬ್ಬನೇ ಮಗ ನಾರ್ಮತ್. ಎದೆಯ ಕಾಯಿಲೆಯವನು, ಚಳಿಗಾಲದಲ್ಲಿ ಬಾವಿಯವರೆಗೆ ನಡೆದರೂ ಕೂತು ಕೆಮ್ಮುವವನು.

"ಆ ಹುಡುಗನ್ನ ಮುಟ್ಟಬೇಡಿ. ಸತ್ತೇ ಹೋಗ್ತಾನೆ."

"ಹಾಗಾದ್ರೆ ನಿಮ್ಮವನನ್ನ ಕೊಡಿ."

ಹಿರಿಯ ಮತ್ತೆ ದಬ್ಬಳ ಎತ್ತಿಕೊಂಡ. ಸಫರ್‌ಗಾಲಿ ಬೀದಿಗಿಳಿದ. ಈ ಪಟ್ಟಣಕ್ಕೆ ಬಂದು ಎರಡೇ ವರ್ಷವಾದ್ದರಿಂದ ಎಲ್ಲ ಮುಖಗಳೂ ಅವನಿಗೆ ಗೊತ್ತಿರಲಿಲ್ಲ. ಕೇಳಿಯೇ ತಿಳಿಯಬೇಕಿತ್ತು.

"ಎರ್ನಜರಾ? ಒಂಟೆ ಥರ ಉದ್ದ," ಎಂದ ಕ್ಷೌರದ ತಾಷ್‌ಪುಲಾತ್. "ಬಾಗಿಲಿಗೆ ತಲೆ ತಾಗುತ್ತೆ."

"ಕುಳ್ಳ," ಎಂದ ಎದುರಿಗೆ ನಾನ್ ರೊಟ್ಟಿ ಸುಡುತ್ತಿದ್ದವನು. "ನನ್ನ ಒಲೆಯೊಳಗೆ ನಿಲ್ಲಿಸಿದ್ರೆ ಕಾಣೋದೇ ಇಲ್ಲ."

"ಕ್ಷೌರದವನು ಉದ್ದ ಅಂದ!"

"ಅವನ ಮುಂದೆ ಎಲ್ಲರೂ ಕೂತೇ ಇರ್ತಾರಲ್ಲ ಮಿರ್ಜಾ. ಉದ್ದ ಗಿಡ್ಡ ಅವನಿಗೇನು ಗೊತ್ತು?"

ನಿಂತವರು ನಕ್ಕರು. ಸಫರ್‌ಗಾಲಿ ನಗಲಿಲ್ಲ. ಇಡೀ ಬೀದಿ ಒಬ್ಬ ಹೇಡಿಯನ್ನು ಬಚ್ಚಿಟ್ಟಿದೆ ಎಂದು ಅವನಿಗೆ ಖಾತ್ರಿಯಾಯಿತು. ಯಾಕೆಂದೂ ಅವನು ಬಲ್ಲ. ನಮ್ಮದು ಬಡ ನಗರಸಭೆ. ಕೊಡುವುದನ್ನೆಲ್ಲ ಗಂಡಸರ ತಲೆ ಎಣಿಸಿ ಕೊಡುತ್ತಿತ್ತು. ನಲವತ್ತು ತಲೆಯ ಬೀದಿಗೆ ಹೊಸ ಕಾಲುವೆಯಿಂದ ಸ್ವಂತ ತೂಬು. ಅದಕ್ಕಿಂತ ಕಡಿಮೆಯಾದರೆ ಹೊಂಡದ ಕೊಳೆತ ನೀರೇ ಗತಿ. ಆರು ವರ್ಷದ ಹಿಂದೆ ಹೋಲ್‌ಮುರಾದ್ ನಗರಸಭೆಗೆ ಅಲೆದು ಅಲೆದು ಆ ತೂಬನ್ನು ತಂದಿದ್ದ. ಆಮೇಲೆ ಜೀನುಗಾರರ ಬೀದಿಯಲ್ಲಿ ಮಕ್ಕಳು ವಾಂತಿಭೇದಿಯಿಂದ ಸಾಯುವುದು ನಿಂತಿತ್ತು. ಅಂಥವನ ಮಗನಿಗಾಗಿ ಜನ ಸುಳ್ಳು ಹೇಳದೆ ಇರುತ್ತಾರೆಯೇ?

ಶುಕ್ರವಾರ ನಗರಸಭೆಯ ಅಂಗಳಕ್ಕೆ ಹಿರಿಯ ಒಬ್ಬನೇ ಬಂದ. ಮುಖದ ಮೇಲೆ ಬಿಳಿ ಗಡ್ಡ ಇರಲಿಲ್ಲ. ನೆರೆದವರು ತಲೆ ತಗ್ಗಿಸಿದರು. ನಮ್ಮಲ್ಲಿ ಹಿರಿಯನನ್ನು ಹಾಗೆ ನೋಡುವುದು ಬೆತ್ತಲೆ ನೋಡಿದಂತೆ.

"ಬದಲಿ ಆಳು ಕೊಡಬಹುದಂತಲ್ಲ. ಮಗನ ಬದಲು ನನ್ನ ಬರಕೊಳ್ಳಿ."

"ನಿಮಗೆ ಐವತ್ತು ದಾಟಿದೆ," ಎಂದ ಜಿಲ್ಲೆಯ ಅಧಿಕಾರಿ.

"ಗಡ್ಡದ ಜೊತೆ ಹತ್ತು ವರ್ಷಾನೂ ಕ್ಷೌರದವನ ಹತ್ರ ಕೊಟ್ಟು ಬಂದೆ."

ಅಧಿಕಾರಿಗೆ ಬೇಕಿದ್ದದ್ದು ಲೆಕ್ಕ. ಬರೆದುಕೊಂಡ. ಸಫರ್‌ಗಾಲಿಗೆ ತಡೆಯಲಾಗಲಿಲ್ಲ.

"ಎಂಥಾ ಮಗ ಅಕ್ಸಕಾಲ್, ನಿಮ್ಮವನು! ಅಪ್ಪ ಸಾಯೋಕೆ ಹೋಗ್ತಿದ್ದಾನೆ, ಅವನು ಎಲ್ಲೋ ಕೂತು ಬಿಸಿ ನಾನ್ ತಿಂತಿದ್ದಾನೆ. ನಾಚಿಕೆ ಇಲ್ವಾ ಅವನಿಗೆ?"

"ಅವನನ್ನ ಬೈಬೇಡಿ ಮಿರ್ಜಾ. ಅವನದೇನೂ ತಪ್ಪಿಲ್ಲ."

ಬಂಡಿ ಹೊರಟಿತು. ನಾರ್ಮತ್‌ನ ತಾಯಿ ಅದರ ಹಿಂದೆ ಬಹಳ ದೂರ ಓಡಿದಳು. ಎರ್ನಜರ್ ಮಾತ್ರ ಬರಲಿಲ್ಲ. ಆ ಚಳಿಗಾಲವೆಲ್ಲ ಸಫರ್‌ಗಾಲಿ ಚಹದಂಗಡಿಯಲ್ಲಿ ಎರ್ನಜರನ ಹೆಸರೆತ್ತಿ ಉಗಿದ. ಕೇಳುತ್ತಿದ್ದವರು ಚಹದ ಬಟ್ಟಲು ನೋಡುತ್ತ ಕೂತಿರುತ್ತಿದ್ದರು.

ವಸಂತದಲ್ಲಿ ನಗರಸಭೆಗೆ ಕಾಗದ ಬಂತು. ಹೋಲ್‌ಮುರಾದ್, ಜೀನುಗಾರ, ಉತ್ತರದ ಕಾಡಿನ ಮರ ಕಡಿಯುವ ಶಿಬಿರದಲ್ಲಿ ಜ್ವರದಿಂದ ತೀರಿಕೊಂಡ. ಎಲ್ಲಿ ಹೂಳಿದರೆಂದು ಬರೆದಿರಲಿಲ್ಲ.

ಸಫರ್‌ಗಾಲಿ ತಾನೇ ಅದನ್ನು ಒಯ್ದ. ಹಿರಿಯನ ಹೆಂಡತಿ ಹುಮಾಯ್ ಪರದೆಯ ಆಚೆ ಕೂತು ಪೂರ್ತಿ ಕೇಳಿಸಿಕೊಂಡಳು. ಅಂಗಳದ ಕಾಲುವೆಯಲ್ಲಿ ನೀರು ಹರಿಯುವುದಷ್ಟೇ ಕೇಳಿಸುತ್ತಿತ್ತು. ಗುಮಾಸ್ತ ಎದ್ದು ನಿಂತು, ಒಳಮನೆಗೆಲ್ಲ ಕೇಳುವಂತೆ ಕೂಗಿದ.

"ಈಗಲಾದ್ರೂ ಅವನನ್ನ ಹೊರಗೆ ಕರೀರಿ ಖಾಲಾ! ಅಪ್ಪನ ಹೆಸರಲ್ಲಿ ನಮಾಜಿಗೆ ಮಗ ನಿಲ್ಲಬೇಡ್ವಾ?"

ಪರದೆ ಅಲುಗಲಿಲ್ಲ.

"ನಮಗೆ ಮಕ್ಕಳೇ ಆಗಲಿಲ್ಲ, ಮಿರ್ಜಾ. ಅವತ್ತು ತೂಬಿಗೆ ಒಂದು ತಲೆ ಕಡಿಮೆ ಬಿತ್ತು, ಪುಸ್ತಕದಲ್ಲಿ ಒಂದು ಹೆಸರು ಬರೆಸಿದ್ವಿ."

ಎರ್ನಜರ್ ಎಂಬ ಹೆಸರನ್ನು ಆರಿಸಿದ್ದು ಗಂಡನೋ ಹೆಂಡತಿಯೋ, ಅದು ನನಗೆ ಇಂದಿಗೂ ತಿಳಿದಿಲ್ಲ.