ಹಂಪ್ ಇರಬೇಕಾ, ಬೇಡ್ವಾ?

"ಈ ರಸ್ತೆಗೆ ಹಂಪ್ ಒಂದಲ್ಲ ಕಣಯ್ಯಾ, ಮೂರು ಹಾಕ್ಬೇಕು!"

ಎರಡನೇ ಕುರ್ಚಿಯಿಂದ ನೊರೆ ಗುಡುಗ್ತು. ಯಜಮಾನರ ಮುಖ ಕಾಣ್ತಿರ್ಲಿಲ್ಲ, ನೊರೆಯೊಳಗೆ ಎರಡು ಕಣ್ಣು ಅಷ್ಟೇ. ಮೊದಲನೇ ಕುರ್ಚಿಲಿ ಕೇಕ್ ಡೆಲಿವರಿ ಹುಡುಗ, ಅವನೂ ಅದೇ ಮೇಕಪ್ಪು. ಕ್ಷೌರದಣ್ಣ ಇಬ್ಬರ ಮಧ್ಯೆ ನಿಂತು ಈ ಕಡೆ ಒಂದು ಎಳೆತ, ಆ ಕಡೆ ಒಂದು ಎಳೆತ. ಕೈಗೆ ಹತ್ತಿರ ಸಿಕ್ಕಿದ ಅರ್ಧರ್ಧ ಮೀಸೆ ಆಗ್ಲೇ ಢಮಾರ್: ಹುಡುಗನದು ಬಲಗಡೆ, ಯಜಮಾನರದು ಎಡಗಡೆ.

ಹುಡುಗನಿಗೆ ಉರಿದುಹೋಯ್ತು. "ಮೂರಾ? ಇರೋ ಒಂದಕ್ಕೇ ಕೇಕ್ ಮೇಲಿನ 'ಹ್ಯಾಪಿ ಬರ್ತ್‌ಡೇ' ಹಾರಿ ಡಬ್ಬಿ ಮುಚ್ಚಳಕ್ಕೆ ಅಂಟ್ಕೋತಿದೆ ಅಂಕಲ್!"

ಟಣ್! ಕ್ಷೌರದಣ್ಣ ಕತ್ತಿ ಬಟ್ಟಲಿಗೆ ಹಾಕ್ದ. ಈ ಅಂಗಡಿ ಕಾನೂನೇ ಅದು. ಹಿಂದೊಮ್ಮೆ ಎಲೆಕ್ಷನ್ ಚರ್ಚೆ ಜೋರಾಗಿ ಗಿರಾಕಿಯೊಬ್ಬರ ಹುಬ್ಬೇ ಹಾರಿಹೋಗಿತ್ತು. ಅವತ್ತಿಂದ ವಾದ ಎದ್ರೆ ಕತ್ತಿ ಕೆಳಗೆ. ಯಾರಾದ್ರೂ "ಸೋತೆ" ಅನ್ನೋವರ್ಗೂ ಮೇಲೇಳಲ್ಲ.

"ಅಣ್ಣೋ, ಅರ್ಜೆಂಟು! ಲೈಫ್ ಮ್ಯಾಟ್ರು!" ಹುಡುಗ ಒದ್ದಾಡ್ದ. ಇವತ್ತು ಅವನ ಹುಡುಗಿಯ ಅಪ್ಪನ್ನ ಮೊದಲ ಸಲ ನೋಡ್ಬೇಕು. 'ಮೀಸೆ ಇದ್ರೆ ರೌಡಿ ಥರ ಕಾಣ್ತೀಯ, ಬೋಳಿಸ್ಕೊಂಡು ಬಾ' ಅಂತ ಅವಳ ಆರ್ಡರ್ರು.

"ನನ್ನ ಮನೆಗೂ ಜನ ಬರೋರಿದಾರೆ, ಆದ್ರೂ ಬಿಡಲ್ಲ," ಅಂದ್ರು ಯಜಮಾನ್ರು. "ಯಾವನೋ ಕೆಂಪು ಹೆಲ್ಮೆಟ್ ಪೋಲಿ ದಿನಾ ನಮ್ಮನೆ ಮುಂದೆ ಬೈಕಲ್ಲಿ ಗಿರಕಿ ಹೊಡೀತಾನೆ. ಅವನಿಗೇ ಅಂತ ಓಡಾಡಿ ಹಂಪ್ ಹಾಕ್ಸಿದೆ. ಈಗ ಹಂಪ್ ನೆಪದಲ್ಲಿ ಸ್ಲೋ ಮಾಡ್ಕೊಂಡು ಕಿಟಕಿ ನೋಡ್ತಾನೆ!"

ಸಿನಿಮಾ ಆಗಿದ್ರೆ ಇಲ್ಲಿ ಬ್ಯಾಗ್ರೌಂಡ್ ಮ್ಯೂಸಿಕ್ ಬಂದು ಹೀರೋಗೆ ಎಲ್ಲಾ ಹೊಳೀತಿತ್ತು. ಇಲ್ಲಿ ಬಂದಿದ್ದು ಹಳೇ ಫ್ಯಾನಿನ ಕಿರಕಿರ ಮಾತ್ರ.

"ಅವನ್ಯಾವನೋ ಲೋಫರ್ ತಪ್ಪಿಗೆ ನನ್ನ ಕೇಕ್ ಯಾಕೆ ಸಾಯ್ಬೇಕು?"

"ಯಾರಾದ್ರೂ ಒಬ್ರು ಸೋತೆ ಅನ್ರಪ್ಪಾ," ಅಂದ ಕ್ಷೌರದಣ್ಣ.

"ತಲೆ ಬೇಕಾದ್ರೆ ಬೋಳಿಸು, ತಗ್ಸೋಕ್ ಮಾತ್ರ ಹೇಳ್ಬೇಡ!" ಹುಡುಗ ಸ್ಟೈಲಾಗಿ ಎದ್ದ, ನೊರೆ ಮೇಲೇ ಹೆಲ್ಮೆಟ್ ಒತ್ತಿ ಬೈಕ್ ಹತ್ತಿದ.

ಕನ್ನಡಿಲಿ ಕೆಂಪು ಹೆಲ್ಮೆಟ್ ಕಂಡಿದ್ದೇ ಯಜಮಾನ್ರು ಕುರ್ಚಿಯಿಂದ ಎಗರಿದ್ರು. "ಅಯ್ಯೋ, ಅವನೇ ಕಣೋ ಇವ್ನು! ಹಿಡೀರೋ!"

ಕುತ್ತಿಗೆಗೆ ಕಟ್ಟಿದ ಬಟ್ಟೆ ಬೆನ್ನ ಹಿಂದೆ ಪಟಪಟ ಹಾರಾಡ್ತಾ ಓಟ. ಹಿಂದೆ ಕತ್ತಿ ಹಿಡ್ಕೊಂಡು ಕ್ಷೌರದಣ್ಣ. ಬೈಕ್ ಸಿಗೋ ಹಾಗೇ ಇರ್ಲಿಲ್ಲ, ಆದ್ರೆ ಹಂಪ್ ಬಂತು. ಹುಡುಗ ಅಭ್ಯಾಸಬಲದಿಂದ ಸ್ಲೋ ಮಾಡ್ದ, ಕಿಟಕಿ ನೋಡ್ದ. ಕಾಲರ್ ಯಜಮಾನ್ರ ಕೈಗೆ ಸಿಕ್ತು.

"ನೋಡ್ದಾ? ಹಂಪ್ ಕೆಲ್ಸ ಮಾಡ್ತು!" ಏದುಸಿರಲ್ಲೂ ಅವರಿಗೆ ಅದೇ ಖುಷಿ.

ಮನೆಯೊಳಗಿಂದ ಮಗಳು ಓಡಿಬಂದ್ಲು. "ಅಪ್ಪಾ, ಬಿಡು! ಇವತ್ತು ಬರ್ತಾನೆ ಅಂದಿದ್ದೆನಲ್ಲ, ಇವನೇ!"

ಹುಡುಗ ಹೆಲ್ಮೆಟ್ ತೆಗೆದ. ಯಜಮಾನ್ರು ಬಟ್ಟೇಲಿ ಮುಖ ಒರೆಸ್ಕೊಂಡ್ರು. ಇಬ್ಬರೂ ಒಬ್ಬರ ಮೂತಿ ಒಬ್ಬರು ನೋಡ್ಕೊಂಡ್ರು.

ಕ್ಷೌರದಣ್ಣ ಮೆಲ್ಲಗೆ ಕೇಳ್ದ, "ಈಗಾದ್ರೂ... ಸೋತೆ?"

"ಆಗಲ್ಲ!" ಇಬ್ಬರೂ ಒಟ್ಟಿಗೇ.

ಮಗಳು ಹಣೆ ಚಚ್ಕೊಂಡು ಫೋನ್ ತೆಗೆದ್ಲು. "ಸರಿ ಬಿಡಿ, ಮದುವೆ ಫೋಟೋಗೂ ಹೀಗೇ ಬನ್ನಿ. ಅಪ್ಪಾ, ನೀನು ಆ ಕಡೆ, ಅವನು ಈ ಕಡೆ. ಕೆನ್ನೆಗೆ ಕೆನ್ನೆ ತಾಗ್ಸಿ. ಇನ್ನೂ ಹತ್ರ... ಹಾಂ, ಈಗ ಒಂದು ಮೀಸೆ ಆಯ್ತು."